ಕಪ್ಪು ತಂತಿಯ ಅಂಬಾಸಿಡರ್

ಆಟೊ ಎಲೆಕ್ಟ್ರಿಷಿಯನ್ ಎಂದರೆ ಕಾರಿನ ಕೆಳಗೆ ಮಲಗುವವನು ಎಂದು ಜನ ತಿಳಿದಿದ್ದಾರೆ. ಅವನು ಮೆಕ್ಯಾನಿಕ್ಕು. ನಾವು ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ನೇತಾಡುವವರು. ಕಾಲು ಸೀಟಿನ ಮೇಲೆ, ತಲೆ ಬ್ರೇಕ್ ಪೆಡಲಿನ ಪಕ್ಕ, ಬಾಯಲ್ಲಿ ಕಚ್ಚಿಕೊಂಡ ಟಾರ್ಚು. ಹುಣಸೂರಿನಲ್ಲಿ ನಲವತ್ತೆರಡು ವರ್ಷ ನಾನು ಲೋಕವನ್ನು ಹೀಗೇ ನೋಡಿದ್ದೇನೆ. ಹೀಗೆ ನೋಡಿದರೆ ಎಂಥ ದೊಡ್ಡ ಮನುಷ್ಯನ ಕಾರೂ ಒಂದೇ ಥರ ಕಾಣುತ್ತದೆ. ಧೂಳು, ಕಡಲೆಕಾಯಿ ಸಿಪ್ಪೆ, ಯಾವಾಗಲೋ ಕಳೆದುಹೋದ ಮಕ್ಕಳ ಚಪ್ಪಲಿ, ಮತ್ತೆ ತಂತಿಗಳು.

ಬೆನ್ನು ಇನ್ನು ಸಾಕು ಅಂದ ಮೇಲೆ ಅಂಗಡಿ ಬಿಟ್ಟು ಮೂರು ವರ್ಷವಾಯಿತು. ಈ ಕೆಲಸಕ್ಕೆ ಹೊಸದಾಗಿ ಬಂದವರು ಈಗಲೂ ಮನೆಗೆ ಬಂದು, 'ನಯಾಜಣ್ಣ, ಈ ಗಾಡಿಗೆ ಡಯಾಗ್ರಾಂ ಸಿಗ್ತಾ ಇಲ್ಲ' ಎಂದು ಮೊಬೈಲ್ ತೋರಿಸುತ್ತಾರೆ. ಅವರಿಗೆ ಟೀ ಕೊಡುತ್ತೇನೆ, ಡಯಾಗ್ರಾಂ ಎಲ್ಲಿಂದ ಕೊಡಲಿ? ನಮ್ಮ ಕಾಲದಲ್ಲೂ ಇರಲಿಲ್ಲ. ಇದ್ದದ್ದು ನಮ್ಮ ಮಾಮು, ಅಂದರೆ ತಾಯಿಯ ತಮ್ಮ. ನನಗೆ ಕೆಲಸ ಕಲಿಸಿದವರು ಅವರೇ. ಅಂಗಡಿಯಲ್ಲಿ ಉಸ್ತಾದ್ ಎಂದು ಕರೆದರೆ ಮಾತ್ರ ತಿರುಗುತ್ತಿದ್ದರು, ಮಾಮು ಎಂದರೆ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ.

ಮಾಮು ಹತ್ತಿರ ಮೀಟರು ಇರಲಿಲ್ಲ. ಒಂದು ಬಲ್ಬು, ಅದಕ್ಕೆ ಎರಡು ತಂತಿ, ತುದಿಗೆ ಎರಡು ಮೊಳೆ. ಬಲ್ಬು ಎಷ್ಟು ಕೆಂಪಗೆ ಉರಿಯುತ್ತದೆ ಎಂದು ನೋಡಿಯೇ ವೋಲ್ಟು ಹೇಳುತ್ತಿದ್ದರು. ಇಗ್ನಿಷನ್ ಪಾಯಿಂಟ್ ಸರಿಮಾಡಲು ಜೇಬಿನಲ್ಲಿ ಯಾರದೋ ಮದುವೆ ಕಾರ್ಡಿನ ತುಂಡು. ಪಾಯಿಂಟ್ ಎಂದರೆ ಹಳೆ ಪೆಟ್ರೋಲ್ ಗಾಡಿಯಲ್ಲಿ ಪ್ರತಿ ಕಿಡಿಗೂ ಒಮ್ಮೆ ಮುಟ್ಟಿ ಬಿಡುವ ಎರಡು ಪುಟ್ಟ ಲೋಹದ ತುದಿ. ಅವುಗಳ ನಡುವೆ ಆ ಕಾರ್ಡು ಸರಾಗವಾಗಿ ಹೋಗಿ ಬಂದರೆ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಕೃಷ್ಣರಾಜನಗರದ ರೈಸ್‌ಮಿಲ್ಲಿನ ಜೀಪಿನಿಂದ ಹಿಡಿದು ಎಚ್.ಡಿ. ಕೋಟೆ ಕಾಡಿನಂಚಿನ ವ್ಯಾನುಗಳವರೆಗೆ ಆ ಮದುವೆ ಕಾರ್ಡಿನ ಅಳತೆಯಲ್ಲಿ ಎಷ್ಟು ಗಾಡಿ ಓಡಿದವೋ ಲೆಕ್ಕವಿಲ್ಲ. ಗಂಡುಹೆಣ್ಣು ಸುಖವಾಗಿದ್ದಾರೋ ಇಲ್ಲವೋ, ನಮಗೆ ಗೊತ್ತಿಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟು ಕೊಡಗಿನ ಪ್ಲಾಂಟರ್ ಒಬ್ಬರ ಪುಟ್ಟ ವಿಲಾಯತಿ ಕಾರಿನಲ್ಲಾಯಿತು. ನಾವು ನೋಡುವ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ಸನ್ನು ಗಾಡಿಯ ಲೋಹದ ಮೈಗೆ ಕಟ್ಟಿರುತ್ತಾರೆ. ಆ ಕಾರಿನಲ್ಲಿ ಪ್ಲಸ್ಸನ್ನು ಕಟ್ಟಿದ್ದರು. ಯಾರೋ ತಿಳಿಗೇಡಿ ಉಲ್ಟಾ ಮಾಡಿದ್ದಾನೆ ಅಂದುಕೊಂಡು, ಯಾರನ್ನೂ ಕೇಳದೆ, ನಾನು 'ಸರಿ' ಮಾಡಿದೆ. ಹಿಂದಿನ ದಿನವಷ್ಟೇ ಹಾಕಿಸಿದ್ದ ಹೊಸ ರೇಡಿಯೊದಿಂದ ಹೊಗೆ ಬಂತು. ಆ ಕಾಲದ ಅಂಥ ಕಾರುಗಳು ಹುಟ್ಟಿದ್ದೇ ಹಾಗೆ ಎಂದು ನನಗೆ ಗೊತ್ತಿರಲಿಲ್ಲ. ಪ್ಲಾಂಟರ್ ಒಳ್ಳೆಯವರು, ಬೈಯಲಿಲ್ಲ. 'ಹಾಡು ಮುಗೀತಲ್ಲಪ್ಪ' ಅಂದರು ಅಷ್ಟೆ. ಬೈಯುವ ಕೆಲಸವನ್ನು ಮಾಮು ಒಬ್ಬರೇ ಇಬ್ಬರ ಪಾಲಿಗೂ ಮಾಡಿದರು. 'ಮೊದಲು ಗಾಡಿಯನ್ನು ಕೇಳು. ನಿನಗಿಂತ ಮುಂಚೆ ಇಲ್ಲಿ ಕೈ ಹಾಕಿದವನು ಕತ್ತೆ ಅಂತ ಯಾಕೆ ಅಂದುಕೊಳ್ಳುತ್ತೀಯ?' ಎಂದು ಉರ್ದುವಿನಲ್ಲಿ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. ಆ ಮಾತನ್ನು ನಾನು ಮುಂದೆ ನನ್ನ ಹತ್ತಿರ ಕಲಿತವರಿಗೆಲ್ಲ ಹೇಳಿದೆ. ಹೇಳುವುದು ಸುಲಭ ಎಂದು ಹೋದ ವರ್ಷ ಬೆಟ್ಟದಪುರದ ಕಡೆ ಗೊತ್ತಾಯಿತು.

ಅಲ್ಲಿನ ಹೊಗೆಸೊಪ್ಪಿನ ರೈತ ಲೋಕೇಶ ಒಂದು ಬೆಳಿಗ್ಗೆ ಮನೆಗೆ ಬಂದ. ಸುಮಾರು ನಲವತ್ತೈದರ ಗಂಭೀರ ಮನುಷ್ಯ. ಅವರ ಮನೆಯಲ್ಲಿ ಒಂದು ಹಳೆಯ ಅಂಬಾಸಿಡರ್. ತೀರಿಹೋದ ಅವನ ತಂದೆ ಕೊಂಡದ್ದು, ಓಡಿಸುವುದು ತಾಯಿ ದೇವೀರಮ್ಮ. ಎಪ್ಪತ್ತು ದಾಟಿದ ಆಯಮ್ಮ ವಾರಕ್ಕೊಂದು ದಿನ ಬೆಣ್ಣೆ, ಮೊಟ್ಟೆ, ಸೊಪ್ಪು ತುಂಬಿಕೊಂಡು ಒಬ್ಬರೇ ಕೊಡಗಿನ ಗಡಿಯ ಕೊಪ್ಪದ ಮಾರುಕಟ್ಟೆಗೆ ಹೋಗಿ ಮಾರಿ ಬರುತ್ತಾರಂತೆ. ಹದಿನೈದು ದಿನದ ಹಿಂದೆ ಮಡಿಕೇರಿ ರಸ್ತೆಯ ನಡುಮಧ್ಯೆ ಕಾರು ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ಬಸ್ಸು ಬ್ರೇಕ್ ಹಾಕಿ ಒಂದು ಮೊಳ ದೂರದಲ್ಲಿ ನಿಂತಿತು.

'ಅವ್ವ ಉಳ್ಕಂಡಿದ್ದೇ ಹೆಚ್ಚು ಕಣಣ್ಣ' ಅಂದ ಲೋಕೇಶ. 'ಮೈಸೂರಿನೋರೊಬ್ರು ಕೇಳ್ತಾವ್ರೆ, ಮದುವೆ ಬಾಡಿಗೆಗೆ ಹಳೆ ಕಾರ್ ಬೇಕಂತೆ. ಬರೋ ಸುಕ್ರವಾರ ಬತ್ತಾರೆ. ನಾನು ಕೊಟ್ಬುಡಣ ಅಂತೀನಿ. ಅವ್ವ ಒಪ್ತಾ ಇಲ್ಲ. ಕೊನೇಗೆ ಏನಂದ್ರು ಗೊತ್ತಾ? ಕೊಪ್ಪಕ್ಕೆ ಓಗಿ ಬರೋಗಂಟ ಒಂದ್ಸಲಾನೂ ನಿಲ್ದೆ ಇದ್ರೆ ಕಾರ್ ನಂಗೆ, ನಿಂತ್ರೆ ಮೈಸೂರಿಗೆ ಅಂದ್ರು. ಅದ್ಕೆ ನೀವು ಒಂದ್ಸಲ ನೋಡ್ಬೇಕು.'

ಅಂದರೆ ಆಯಮ್ಮನ ಕಾರಿನ ಕೀ ನನ್ನ ಕೈಯಲ್ಲಿ. ಗುರುವಾರ ಬೆಳಿಗ್ಗೆ ಸಾಮಾನು ಕಟ್ಟಿಕೊಂಡು ಹೊರಟೆ.

ಬಾನೆಟ್ ಎತ್ತಿದ ಕೂಡಲೇ ಕಾರಣ ಗೊತ್ತಾಯಿತು. ಪಾಯಿಂಟ್ ಕುಳಿತುಕೊಳ್ಳುವ ಡಿಸ್ಟ್ರಿಬ್ಯೂಟರಿನ ಶಾಫ್ಟು ಸವೆದು ಅಲ್ಲಾಡುತ್ತಿತ್ತು. ಹಾಗೆ ಅಲ್ಲಾಡಿದರೆ ಪಾಯಿಂಟಿನ ಅಳತೆ ಕ್ಷಣಕ್ಕೊಂದು ಥರ ಆಗುತ್ತದೆ, ಕಿಡಿ ತಪ್ಪುತ್ತದೆ. ಇದಕ್ಕೆ ಈಗ ಒಳ್ಳೆಯ ಉಪಾಯವಿದೆ. ಪಾಯಿಂಟನ್ನೇ ತೆಗೆದುಹಾಕಿ ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಕಿಟ್ ಕೂರಿಸುವುದು. ಮುಟ್ಟುವುದೂ ಇಲ್ಲ, ಸವೆಯುವುದೂ ಇಲ್ಲ, ಸ್ವಲ್ಪ ಅಲ್ಲಾಡಿದರೂ ಅದಕ್ಕೆ ಲೆಕ್ಕವಿಲ್ಲ. ಆ ಕಿಟ್ಟು ನನ್ನ ಚೀಲದಲ್ಲೇ ಇತ್ತು. ದೇವೀರಮ್ಮ ಬಂದು ನೋಡಿ, ಅಂಗೈ ಅಗಲದ ಆ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ, 'ಇದ್ರೊಳಗೆ ಏನದೆ?' ಅಂದರು. 'ಅದನ್ನ ಬಿಚ್ಚೋ ಹಾಗಿಲ್ಲಮ್ಮ' ಅಂದೆ. 'ಬಿಚ್ಚೋಕಾಗ್ದಿದ್ರೆ ಕೆಟ್ಟಾಗ ಏನ್ಮಾಡ್ತೀರಿ?' ಅಂದರು. ಅವರು ಹಾಲಿನ ಡೇರಿಗೆ ಹೊರಟರು.

ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದೆ. ಹಾಕಿದವನೇ ಬೈದುಕೊಂಡೆ. ಕಾರಿನ ತಂತಿಗಳಿಗೆ ಒಂದು ಬಣ್ಣದ ಪದ್ಧತಿ ಇರುತ್ತದೆ: ಬ್ಯಾಟರಿಯಿಂದ ನೇರ ಬರುವುದಕ್ಕೆ ಒಂದು, ಕೀ ತಿರುಗಿಸಿದಾಗ ಬರುವುದಕ್ಕೆ ಇನ್ನೊಂದು, ದೀಪಕ್ಕೆ ಮತ್ತೊಂದು. ಇಲ್ಲಿ ಅಷ್ಟೂ ತಂತಿ ಕಪ್ಪು. ಪಂಪ್‌ಸೆಟ್ಟಿನ ಬೋರ್ಡಿಗೆ ಹಾಕುವ ತಂತಿ! ಅದರ ಮೇಲೆ ಅಲ್ಲಲ್ಲಿ ಎಣ್ಣೆ ಹಿಡಿದು ಕರ್ರಗಾದ ದಾರದ ತುಂಡುಗಳು. ಇಲಿ ಗೂಡು ಕಟ್ಟಿದೆ ಅಂದುಕೊಂಡೆ. ಕತ್ತರಿ ತೆಗೆದು ಒಂದೂ ಬಿಡದೆ ಕತ್ತರಿಸಿ, ಹೊರಗೆ ಬಿಸಾಕಿ, ಬಟ್ಟೆಯಿಂದ ತಂತಿಗಳನ್ನು ಒರೆಸಿ, ಹಳೆಯ ಟೇಪು ಬಿಟ್ಟುಹೋದ ಕಡೆ ಹೊಸದು ಸುತ್ತಲು ಕಟ್ಟನ್ನೆಲ್ಲ ಬಿಡಿಸಿದೆ. ಮಾಮು ಇದ್ದಿದ್ದರೆ ಆ ಕತ್ತರಿಯನ್ನು ನನ್ನ ಕಿವಿಗೇ ಹಾಕುತ್ತಿದ್ದರು.

ಕಿಟ್ ಕೂರಿಸಿ, ಅದಕ್ಕೆ ಬೇಕಾದ ಕರೆಂಟನ್ನು ಕಾಯಿಲಿನ ತುದಿಯಿಂದಲೇ ಕೊಟ್ಟೆ. ಕಾಯಿಲ್ ಎಂದರೆ ಬ್ಯಾಟರಿಯ ಕರೆಂಟನ್ನು ಕಿಡಿ ಹಾರುವಷ್ಟು ಜೋರು ಮಾಡುವ ಡಬ್ಬಿ. ಕೀ ತಿರುಗಿಸಿದೆ, ಕಾರು ಸ್ಟಾರ್ಟ್ ಆಯಿತು. ಹೆಮ್ಮೆಯಿಂದ ಲೋಕೇಶನ ಮುಖ ನೋಡಿದೆ. ಹತ್ತು ನಿಮಿಷಕ್ಕೆ ಸರಿಯಾಗಿ ಕಾರು ನಿಂತಿತು. ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಯಿತು, ಮತ್ತೆ ಹತ್ತು ನಿಮಿಷಕ್ಕೆ ನಿಂತಿತು.

'ಓಗ್ಲಿ ಬುಡಣ್ಣ' ಅಂದ ಲೋಕೇಶ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿರಾಳವಿತ್ತು. 'ನಮ್ಮಪ್ಪನ ಕಾಲ್ದಾಗೆ ನಮ್ಮಪ್ಪನ ಕಾರು ಚೆನ್ನಾಗಿತ್ತು. ಅವರೇ ಎಲ್ಲಾ ವೈರಿಂಗ್ ಮಾಡ್ಕಂಡಿದ್ರು, ಊರೆಲ್ಲ ಇಂಜಿನಿಯರ್ ಗೌಡ್ರು ಅಂತಿತ್ತು. ಅವ್ರು ಓದ್ರು, ಕಾರೂ ಓಯ್ತು ಅಂದ್ಕಳಣ.'

ಮೀಟರ್ ಹಿಡಿದೆ. ಕೀ ಹತ್ತಿರ ಹನ್ನೆರಡು ವೋಲ್ಟ್. ಕಾಯಿಲ್ ಹತ್ತಿರ ಏಳೂವರೆ. ಕಿಟ್ಟಿಗೆ ಪೂರ್ತಿ ಹನ್ನೆರಡು ಬೇಕು. ದಾರಿಯಲ್ಲಿ ನಾಲ್ಕೂವರೆ ವೋಲ್ಟನ್ನು ಯಾರೋ ತಿನ್ನುತ್ತಿದ್ದರು. ಯಾರು, ಎಲ್ಲಿ ಎಂದು ಹುಡುಕಲು ಆ ಒಂದು ತಂತಿಯ ಜಾಡು ಹಿಡಿಯಬೇಕು. ಎರಡು ಡಜನ್ ಕಪ್ಪು ತಂತಿಗಳು ನನ್ನ ಮುಖದ ಮೇಲೆ ಜೋತುಬಿದ್ದಿದ್ದವು. ನಾಳೆ ಮೈಸೂರಿನವರು ಬರುತ್ತಾರೆ. ನಿಜವಾಗಿ ಹೇಳುತ್ತೇನೆ, ಹೆದರಿಕೆಯಾಯಿತು. ಎಲ್ಲ ಕಿತ್ತುಹಾಕಿ ಹೊಸ ವೈರಿಂಗ್ ಮಾಡಲು ನಾಲ್ಕು ದಿನವಾದರೂ ಬೇಕು.

ಆಗ ದೇವೀರಮ್ಮ ಡೇರಿಯಿಂದ ಬಂದರು. ವಿಷಯ ಕೇಳಿ, ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಡ್ಯಾಶ್‌ಬೋರ್ಡಿನ ಕೆಳಗೆ ಕೈ ತೂರಿಸಿದರು. ಮುಖ ಅತ್ತ ತೋಟದ ಕಡೆ. ಬೆರಳು ಮಾತ್ರ ಒಳಗೆ ಓಡಾಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೈ ನಿಂತಿತು.

'ಗಂಟೆಲ್ಲಿ?'

'ಯಾವ ಗಂಟಮ್ಮ?'

'ದಾರದ ಗಂಟು ಕಣ್ರೀ. ಒಂದೊಂದ್ ತಂತೀಗೂ ಇತ್ತಲ್ಲ.'

'ಕತ್ತರಿಸಿ ಬಿಸಾಕಿದೆನಮ್ಮ. ಇಲಿ ಗೂಡು ಅಂದುಕೊಂಡೆ.'

'ಇಲಿ ಅಲ್ಲ ಸಾಬ್ರೇ, ನಾನು' ಅಂದರು.

ಲೋಕೇಶ ಬಾಯಿ ಬಿಟ್ಟ. 'ಏನವ್ವ, ಅದು ಅಪ್ಪ ಮಾಡಿದ್ದಲ್ವಾ?'

'ನಿಮ್ಮಪ್ಪ ಟಾರ್ಚ್ ಇಡ್ಕತಿದ್ರು' ಅಂದರು ದೇವೀರಮ್ಮ. 'ಅದೂ ನೆಟ್ಟಗೆ ಇಡೀತಿರ್ಲಿಲ್ಲ, ನನ್ ಕಣ್ಗೇ ಬುಡೋರು. ಅದ್ಕೇ ಕಣ್ಣಿನ ಸವಾಸ ಬ್ಯಾಡ ಅಂತ ಗಂಟು ಆಕಂಡೆ.'

ಹೊಗೆಸೊಪ್ಪನ್ನು ಬ್ಯಾರನ್ ಎಂಬ ಬಿಸಿ ಕೋಣೆಯಲ್ಲಿ ಒಣಗಿಸಿ ಹದ ಮಾಡುವ ಮುಂಚೆ ಹಸಿ ಎಲೆಗಳನ್ನು ದಾರದಿಂದ ಕಡ್ಡಿಗೆ ಕಟ್ಟುತ್ತಾರೆ. ನಮ್ಮ ಕಡೆ ಅದು ಹೆಂಗಸರ ಕೆಲಸ. ಕಣ್ಣು ಎಲ್ಲೋ, ಮಾತು ಎಲ್ಲೋ, ಬೆರಳು ಮಾತ್ರ ತಪ್ಪುವುದಿಲ್ಲ. ಕಾರು ಕೊಂಡ ಕೆಲವು ವರ್ಷಕ್ಕೆ ವೈರಿಂಗ್ ಸುಟ್ಟುಹೋದಾಗ, ದೇವೀರಮ್ಮ ಹಳೆಯದನ್ನು ಒಂದೊಂದೇ ಎಳೆಯಾಗಿ ಬಿಚ್ಚಿ, ಅಷ್ಟೇ ಉದ್ದದ ಹೊಸದನ್ನು ಅಳೆದು ಹಾಕಿದರಂತೆ. ಊರಿನಲ್ಲಿ ಸಿಕ್ಕಿದ್ದು ಪಂಪ್‌ಸೆಟ್ಟಿನ ಕಪ್ಪು ತಂತಿ ಒಂದೇ. ಬಣ್ಣ ಇಲ್ಲದ ಮೇಲೆ ಗುರುತಿಗೆ ಎಲೆ ಕಟ್ಟುವ ದಾರ. ಬ್ಯಾಟರಿಯಿಂದ ನೇರ ಬರುವುದಕ್ಕೆ ಒಂದು ಗಂಟು, ಕೀ ತಿರುಗಿಸಿದರೆ ಬರುವುದಕ್ಕೆ ಎರಡು, ದೀಪಕ್ಕೆ ಮೂರು. ಕಾಯಿಲಿಗೆ ಹೋಗುವುದಕ್ಕೆ ಎರಡು ಗಂಟು, ಒಂದು ಬೆರಳು ಬಿಟ್ಟು ಮತ್ತೆ ಒಂದು.

ನಾನು ಕತ್ತರಿಯನ್ನು ಚೀಲಕ್ಕೆ ಹಾಕಿಬಿಟ್ಟೆ. ನಲವತ್ತೆರಡು ವರ್ಷ ಬಾಯಲ್ಲಿ ಟಾರ್ಚ್ ಕಚ್ಚಿ ಕಚ್ಚಿ ನನ್ನ ಮುಂದಿನ ಹಲ್ಲು ಸವೆದಿದೆ. ಡ್ಯಾಶ್‌ಬೋರ್ಡಿನ ಕೆಳಗಿನ ಆ ಕತ್ತಲಲ್ಲಿ ಬಣ್ಣಕ್ಕಿಂತ ಬೆರಳಿಗೆ ಸಿಗುವ ಗುರುತು ಲೇಸು ಎಂಬುದು ನನಗಾಗಲಿ, ಮಾಮುವಿಗಾಗಲಿ, ನಮಗೆ ಗೊತ್ತಿದ್ದ ಯಾವ ಉಸ್ತಾದನಿಗಾಗಲಿ ಹೊಳೆದಿರಲಿಲ್ಲ. ಅಷ್ಟು ಚೆಂದದ ಕೆಲಸವನ್ನು ನಾನು ಕಾಲು ಗಂಟೆಯಲ್ಲಿ ಕಸ ಮಾಡಿದ್ದೆ. 'ತಪ್ಪಾಯಿತಮ್ಮ' ಅಂದೆ. 'ಮತ್ತೆ ಕಟ್ಟಣ ಬನ್ನಿ, ಅತ್ಕಂಡು ಕೂತ್ರೆ ಆದಾತಾ?' ಅಂದರು.

ಮಧ್ಯಾಹ್ನವೆಲ್ಲ ಅದೇ ಆಯಿತು. ಅವರು ಬಾನೆಟ್ಟಿನ ಕಡೆ, ನಾನು ಡ್ಯಾಶಿನ ಕೆಳಗೆ. ನಾನು ಒಂದು ತಂತಿಯನ್ನು ಮೆಲ್ಲಗೆ ಎಳೆದರೆ ಅತ್ತ ಅವರ ಬೆರಳಿಗೆ ಗೊತ್ತಾಗುತ್ತಿತ್ತು. 'ಇದು ಹಾರ್ನು', 'ಇದು ಹಿಂದಿನ್ ದೀಪ', 'ಇದನ್ನ ಬುಡಿ, ಇದು ಸುಮ್ಕೆ ಅದೆ, ವೈಪರ್‌ಗೆ ಅಂತ ಎಳ್ದಿದ್ದೆ'. ನಾನು ಮೀಟರಿನಲ್ಲಿ ನೋಡುತ್ತಿದ್ದೆ. ಒಂದೂ ತಪ್ಪಲಿಲ್ಲ. ಮೂರನೇ ತಂತಿಯಾದ ಮೇಲೆ ನನಗೆ ಮೀಟರ್ ನೋಡಲು ನಾಚಿಕೆಯಾಯಿತು, ಆದರೂ ನೋಡಿದೆ, ಅಭ್ಯಾಸ ಬಲ. ಲೋಕೇಶ ಮನೆಯಿಂದ ದಾರದ ಉಂಡೆ ತಂದು ತುಂಡು ಮಾಡಿ ಕೊಡುತ್ತಾ ಹೋದ.

ಕಾಯಿಲಿನ ತಂತಿ ಸಿಕ್ಕಿತು. ಅದು ಡ್ಯಾಶಿನ ಹಿಂದೆ ತಗಡಿನ ಗೋಡೆಯ ಹತ್ತಿರ ಹೋಗಿ, ಅಲ್ಲಿ ಪಿಂಗಾಣಿಯ ಪುಟ್ಟ ಮಣಿಗಳ ಸಾಲಿನೊಳಗೆ ಮಾಯವಾಗಿ, ಮತ್ತೆ ಈಚೆ ಬಂದಿತ್ತು. ಹಳೆ ಇಸ್ತ್ರಿಪೆಟ್ಟಿಗೆಯೊಳಗೆ ಇರುತ್ತವಲ್ಲ, ಅಂಥ ಮಣಿ. ಒಂದನ್ನು ಸರಿಸಿದೆ. ಒಳಗೆ ನಾಲ್ಕು ಬೆರಳುದ್ದದ ಸ್ಪ್ರಿಂಗು. ಅಡುಗೆ ಮಾಡುವ ಕರೆಂಟ್ ಒಲೆಯದು.

'ಇದೇನಮ್ಮ?'

'ಅದಾ? ಒಂದ್ಸಲ ಪೇಟೇಲಿ ಬ್ಯಾರೆ ತರದ ಕಾಯಿಲ್ ಆಕ್ಬುಟ್ರು. ಅವತ್ತಿಂದ ತಿಂಗ್ಳಿಗೊಂದ್ ಪಾಯಿಂಟ್ ಸುಟ್ಟೋಗದು. ಕರೆಂಟು ಜಾಸ್ತಿ ಓಯ್ತಾ ಅದೆ ಅನ್ನುಸ್ತು. ಒಲೆ ಸ್ಪ್ರಿಂಗು ತುಂಡಾದಾಗ ಅದ್ನೇ ಎಳ್ದು ಸಿಕ್ಸುದ್ರೆ ಗಿಡ್ಡ ಆಗಿ ಮೊದ್ಲಿಗಿಂತ ಕೆಂಪ್ಗೆ ಉರೀತದಲ್ಲ? ಗಿಡ್ಡ ಆದ್ರೆ ಜಾಸ್ತಿ ಓಗ್ತದೆ ಅಂದ್ರೆ, ಉದ್ದ ಆಕುದ್ರೆ ಕಮ್ಮಿ ಓಗ್ಬೇಕಲ್ಲ? ಒಂದ್ ಬೆರಳುದ್ದ ಆಕ್ದೆ, ಪಿರಿಯಾಪಟ್ಣಕ್ಕೋಗಿ ಬಂದು ಪಾಯಿಂಟ್ ನೋಡ್ದೆ. ಇನ್ನೂ ಸುಡ್ತಾ ಇತ್ತು. ಎಲ್ಡ್ ಬೆರಳು ಆಕ್ದೆ. ನಾಕಕ್ಕೆ ನಿಂತ್ಕತು.'

ಹೊಸಬರು ಕೇಳಿಸಿಕೊಳ್ಳಿ. ಇದನ್ನು ನಾವು ರೆಸಿಸ್ಟರ್ ಎನ್ನುತ್ತೇವೆ. ಅಂಥ ಕಾಯಿಲಿಗೆ ಹಾಕಲೇಬೇಕಾದ್ದು, ಪೇಟೆಯವರು ಮರೆತಿದ್ದರು. ಅದರ ಹೆಸರು ಗೊತ್ತಿಲ್ಲದ, ಅದನ್ನು ಕಣ್ಣಿನಿಂದ ಕಾಣದ ಒಬ್ಬ ಹೆಂಗಸು ಅಡುಗೆಮನೆಯ ಒಲೆ ನೋಡಿ ಅದನ್ನು ಕಂಡುಹಿಡಿದಿದ್ದರು. ಬಿಸಿಗೆ ಬೇರೆ ತಂತಿ ಕರಗಬಾರದೆಂದು ಪಿಂಗಾಣಿ ಮಣಿ ಪೋಣಿಸಿದ್ದರು. ಆಮೇಲೆ ಕಂಪನಿ ಹೇಳುವ ಲೆಕ್ಕಕ್ಕೆ ಮೀಟರ್ ಹಿಡಿದು ನೋಡಿದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತಲೆಕೆಳಗಾಗಿ ನೇತಾಡುತ್ತಲೇ ನನಗೆ ಕಣ್ಣಲ್ಲಿ ನೀರು ಬಂತು, ಅದು ಹಣೆಯ ಕಡೆಗೆ ಹರಿಯಿತು. ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದು ನಾನು ಕಂಡ ಅತಿ ದೊಡ್ಡ ತಲೆ ಆ ಬಾನೆಟ್ಟಿನ ಆ ಕಡೆ ಸೆರಗು ಸಿಕ್ಕಿಸಿಕೊಂಡು ನಿಂತಿತ್ತು.

ರಿಪೇರಿ ಆಮೇಲೆ ಐದು ನಿಮಿಷದ್ದು. ಕಾಯಿಲಿಗೆ ಆ ಸ್ಪ್ರಿಂಗು ಬೇಕು, ಅದು ಅಲ್ಲೇ ಇರಲಿ. ಕಿಟ್ಟಿಗೆ ಪೂರ್ತಿ ಕರೆಂಟು ಬೇಕು, ಅದಕ್ಕೆ ಸ್ಪ್ರಿಂಗಿಗಿಂತ ಮುಂಚೆಯೇ ಒಂದು ಬೇರೆ ತಂತಿ ತೆಗೆದು ಕೊಟ್ಟೆ. ನನ್ನ ಹತ್ತಿರ ಬಿಳಿ ತಂತಿ ಇತ್ತು. ಅದಕ್ಕೆ ಎಷ್ಟು ಗಂಟು ಹಾಕಲಿ ಎಂದು ಕೇಳಿದೆ. ಅವರು ಯೋಚಿಸಿ, 'ಹೊಸ ಸೊಸೆ ಅಲ್ವಾ, ಐದು ಆಕಿ' ಅಂದರು.

ಶುಕ್ರವಾರ ಬೆಳಿಗ್ಗೆ ಹೊರಟೆವು. ದೇವೀರಮ್ಮ ಸ್ಟೀರಿಂಗಿನ ಮುಂದೆ, ನಾನು ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಬೆಣ್ಣೆ ಪಾತ್ರೆ ತೊಡೆಯ ಮೇಲಿಟ್ಟುಕೊಂಡ ಲೋಕೇಶ. ಹತ್ತು ನಿಮಿಷ ಕಳೆಯಿತು. ನಾನು ವಾಚ್ ನೋಡುವುದನ್ನು ಅವರು ನೋಡಿ ನಕ್ಕರು. ಪಿರಿಯಾಪಟ್ಟಣ ದಾಟಿ ಮಡಿಕೇರಿ ರಸ್ತೆ ಹಿಡಿದೆವು. ಹಿಂದೆ ಕಾರು ನಿಂತಿದ್ದ ಜಾಗ ಬಂದಾಗ ಲೋಕೇಶ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಅದನ್ನೂ ದಾಟಿದೆವು. ಕೊಪ್ಪದಲ್ಲಿ ಪ್ರವಾಸಿಗಳ ಗಾಡಿಗಳು ಗಂಟು ಬಿದ್ದು ಕಾಲು ಗಂಟೆ ಒಂದೇ ಕಡೆ ನಿಂತೆವು. ಹಳೆ ಗಾಡಿಗೆ ಓಡುವುದಕ್ಕಿಂತ ಕಷ್ಟ ಬಿಸಿಲಲ್ಲಿ ನಿಂತು ಉರಿಯುವುದು. ಇಂಜಿನ್ ಕಾದು ಬಾನೆಟ್ಟಿನ ಮೇಲೆ ಗಾಳಿ ನಡುಗುತ್ತಿತ್ತು. ನಾನು ಮನಸ್ಸಿನಲ್ಲೇ ದುವಾ ಮಾಡಿಕೊಂಡೆ. ದೇವೀರಮ್ಮ ಏನು ಮಾಡಿದರು ಗೊತ್ತೇ? ಕೀ ತಿರುಗಿಸಿ ಇಂಜಿನ್ ಆರಿಸಿಬಿಟ್ಟರು.

'ಅವ್ವ! ಯಾಕೆ ಆರುಸ್ದೆ?'

'ಬಿಸೀಲಿ ಹತ್ತುಸ್ದಾಗ ಹತ್ತಬೇಕು. ಅದು ಪರೀಕ್ಸೆ' ಎಂದು ಮತ್ತೆ ಕೀ ತಿರುಗಿಸಿದರು. ಅರ್ಧ ಸುತ್ತಿಗೇ ಹತ್ತಿಕೊಂಡಿತು.

ಬೆಣ್ಣೆ ಮಾರಿ, ಸೊಪ್ಪು ಮಾರಿ, ಒಂದು ಸಲವೂ ನಿಲ್ಲದೆ ಬೆಟ್ಟದಪುರದ ದಾರಿ ಹಿಡಿದು ಮನೆ ಸೇರಿದೆವು. ಇಳಿದ ಕೂಡಲೇ ದೇವೀರಮ್ಮ ಬಾನೆಟ್ ಎತ್ತಿ ಆ ಕಿಟ್ಟಿನ ಪೆಟ್ಟಿಗೆಯನ್ನು ಮುಟ್ಟಿ ಮುಟ್ಟಿ, ಎಷ್ಟು ಬಿಸಿಯಾಗಿದೆ ಎಂದು ನೋಡತೊಡಗಿದರು.

ಅಷ್ಟರಲ್ಲಿ ಲೋಕೇಶನಿಗೆ ಫೋನ್ ಬಂತು. ಮೈಸೂರಿನವರು. ಹುಣಸೂರು ದಾಟಿದ್ದಾರಂತೆ, ದಾರಿ ಕೇಳುತ್ತಿದ್ದರು. ಅವನು ಅವ್ವನ ಬೆನ್ನನ್ನೇ ನೋಡಿದ.

'ನಿಮ್ಮನ್ನ ಸುಮ್ಕೆ ಅಲೆಸ್ದೆ, ತಪ್ಪಾಯ್ತು ಸಾರ್' ಅಂದ. 'ನಾನು ನಮ್ಮಪ್ಪನ ಕಾರು ಅಂತ ಏಳಿದ್ದೆ. ಅಲ್ಲ ಸಾರ್, ಕಾರು ನಮ್ಮವ್ವಂದು. ಒಂದ್ನಿಮ್ಸ ಇರಿ, ಅವ್ರನ್ನೇ ಕೇಳಿ.' ಹೋಗಿ ಫೋನನ್ನು ಅವರ ಕಿವಿಯ ಹತ್ತಿರ ಹಿಡಿದ.

ದೇವೀರಮ್ಮ ಬಾನೆಟ್ಟಿನಿಂದ ತಲೆ ಎತ್ತಲಿಲ್ಲ. 'ಆಮೇಲ್ ಮಾತಾಡ್ತೀನಿ ಅನ್ಲಾ' ಅಂದರು. 'ಕೆಲ್ಸದಾಗಿವ್ನಿ.'